ಸಂಪಿಗೆ ಬಣ್ಣದ ರುಮಾಲು

ನನಗೆ ಬಟ್ಟೆಯ ವಿಷಯ ಏನೂ ತಿಳಿಯದು. ಅಂಗಿಯ ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡು ಕಚೇರಿಗೆ ಹೋಗಿ ಬಂದವನು ನಾನು. ಅಂಥವನನ್ನು ಚನ್ನಪಟ್ಟಣದ ನಾಟಕದ ಗೆಳೆಯರು ಪಾಳೆಯಗಾರರ ಕಾಲದ ಉಡುಪು ಸಿದ್ಧಪಡಿಸಲು ಹಿಡಿದರೆಂದರೆ ಅದಕ್ಕೆ ನನ್ನ ಬಾಯಿಯೇ ಕಾರಣ. ಹಿಂದಿನ ವರ್ಷ ದ್ವಾಪರಯುಗದ ಅರಸನೊಬ್ಬ ಮಖಮಲ್ಲಿನ ಕೋಟು ತೊಟ್ಟು ರಂಗಕ್ಕೆ ಬಂದದ್ದನ್ನು ನೋಡಿ, ಆ ಕಾಲದಲ್ಲಿ ಮಖಮಲ್ಲೆಲ್ಲಿತ್ತು ಎಂದು ನಕ್ಕಿದ್ದೆ. "ಬಿ.ಎ.ನಲ್ಲಿ ಚರಿತ್ರೆ ಓದಿದೋನು ನೀನು. ಈ ಸಲ ನೀನೇ ಹೊಲಿಸಪ್ಪ," ಎಂದರು.

ಓದಿದ ಚರಿತ್ರೆಯನ್ನೆಲ್ಲ ಜಾಲಾಡಿದೆ. ದತ್ತಿ ಕೊಟ್ಟ ಗದ್ದೆಯ ಮೂಡಲಿಗೆ ಯಾವ ಮರವಿತ್ತೆಂದು ಶಾಸನಗಳು ಹೇಳುತ್ತವೆ. ಕೊಟ್ಟವನು ಏನು ಉಟ್ಟಿದ್ದನೆಂದು ಹೇಳುವುದಿಲ್ಲ. ವೀರಗಲ್ಲುಗಳನ್ನು ನಂಬಿದರೆ ನಮ್ಮ ನಾಯಕ ಹೆಚ್ಚುಕಡಿಮೆ ಬರಿಮೈಯಲ್ಲೇ ಬರಬೇಕಾಗುತ್ತಿತ್ತು. ಆಗ ನೆನಪಾದವಳು ಗುಡೇಮಾರನಹಳ್ಳಿಯ ನನ್ನ ಸೋದರತ್ತೆ.

ಅವಳ ಗಂಡನ ಮನೆತನದವರು ಹಿಂದೆ ಕೋಟೆಯ ಕಾವಲಿಗಿದ್ದವರಂತೆ. ಮುತ್ತಾತನ ಉಡುಪು ಪೆಟ್ಟಿಗೆಯಲ್ಲಿತ್ತು. ಆಯುಧಪೂಜೆಗೂ ಮರುದಿನದ ಬನ್ನಿಪೂಜೆಗೂ ಅವಳ ಗಂಡ, ನನ್ನ ಮಾವ, ಅದನ್ನು ತೊಡುತ್ತಿದ್ದ. ಮಾವ ಪ್ಲೇಗಿನಲ್ಲಿ ಹೋದ. ಸರ್ಕಾರದ ಜನ ಬಂದು ಮನೆಯ ಬಟ್ಟೆಬರೆಯನ್ನೆಲ್ಲ ಸುಟ್ಟರು, ಪೆಟ್ಟಿಗೆಯೂ ಬೂದಿಯಾಯಿತು. ಅವನದೊಂದು ಪಟವೂ ಇರಲಿಲ್ಲ. ಈಗ ಅತ್ತೆಯ ಕಣ್ಣಿಗೆ ಪೊರೆ ಬೆಳೆಯುತ್ತಿತ್ತು. ಬಂದ ಕಾರಣ ಹೇಳಿದೊಡನೆ ನನ್ನ ಕೈ ಹಿಡಿದುಕೊಂಡಳು.

"ಹೊಲ್ಸು ಮಗಾ. ಕಣ್ಣು ಪೂರಾ ಮುಚ್ಚೋಗೋಕೆ ಮುಂಚೆ ಒಂದ್ಸಲ ನೋಡ್ಬುಡ್ತೀನಿ."

ಉದ್ದನೆಯ ಬಿಳಿ ಅಂಗಿ, ಸಂಪಿಗೆ ಬಣ್ಣದ ರುಮಾಲು, ಅದೇ ಬಣ್ಣದ ನಡುಕಟ್ಟು. ಅತ್ತೆ ಹೇಳಿದ ಇದಿಷ್ಟನ್ನೂ ಪೇಟೆಯ ದರ್ಜಿ ಖಾದರ್ ಸಾಹೇಬರಿಗೆ ಒಪ್ಪಿಸಿದೆ.

"ಸಂಪಿಗೆ ಅಂದ್ರೆ ಯಾವ್ದು ಸ್ವಾಮಿ? ಮರದ್ದಾ, ಮುಡಿದಿದ್ದಾ?" ಎಂದರು.

ನನಗೆ ನಗು ಬಂತು. ಆದರೂ ಕ್ಲೋಸ್‌ಪೇಟೆ ದಾಟಿ, ಗಾಡಿಯಲ್ಲಿ ಮೈಕೈ ನೋಯಿಸಿಕೊಂಡು, ಅತ್ತೆಯನ್ನು ಮತ್ತೆ ಕೇಳಲು ಹೋದೆ. ಅತ್ತೆ ನಗಲಿಲ್ಲ.

"ಬೆಳಗ್ಗೆ ಮುಡ್ದು ಸಂಜೆ ತೆಗೀತಾರಲ್ಲ, ಆ ಬಣ್ಣ ಕಣ್ಲಾ," ಎಂದಳು. ಆಮೇಲೆ ತಾನೇ, "ನಾನು ಮುಡ್ದು ಯಾವ್ ಕಾಲ ಆಯ್ತೋ. ಒಸಿ ಆಚೀಚೆ ಇದ್ರೂ ಇರ್ಬೈದು."

ವಿಧವೆಯೊಬ್ಬಳು ಮುಡಿಯುವುದನ್ನು ಬಿಟ್ಟ ಹೂವಿನ ಬಣ್ಣವನ್ನು ನಾನು ಚರಿತ್ರೆಯೆಂದು ಹೊಲಿಸಲು ಹೊರಟಿದ್ದೆ.

ಬಣ್ಣ ಹಾಕಿಸಿ ತಂದ ಬಟ್ಟೆ ನಡುಕಟ್ಟಿಗೆ ಸಾಲಲಿಲ್ಲ. ನಾಯಕನ ಪಾತ್ರ ಮಾಡುತ್ತಿದ್ದವನು ಮಂಡಿಯ ವರ್ತಕ. ಅವನ ಸೊಂಟವೂ ವ್ಯಾಪಾರದ ಜೊತೆಗೇ ಬೆಳೆದಿತ್ತು. ಸಾಹೇಬರು ಎರಡು ತುದಿಗೂ ಯಾವುದೋ ನೀಲಿ ಬಟ್ಟೆಯ ಪಟ್ಟಿ ಸೇರಿಸಿ, "ದೂರದಿಂದ ಯಾರಿಗ್ ಕಾಣ್ತದೆ ಬಿಡಿ," ಎಂದರು.

ಉಡುಪು ತೊಡಿಸಿ ನೋಡುವ ಮಧ್ಯಾಹ್ನ ಅತ್ತೆ ಬಂದಳು. ವರ್ತಕ ಕತ್ತಿ ಹಿಡಿದು ಎದುರಿಗೆ ನಿಂತ. ಅವಳು ಅವನ ಮುಖವನ್ನು ನೋಡಲೇ ಇಲ್ಲ. ರುಮಾಲನ್ನು ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ನಡುಕಟ್ಟಿನ ತುದಿಯನ್ನು ಹಿಡಿದು ಕಣ್ಣಿನ ಹತ್ತಿರಕ್ಕೆ ತಂದಳು. ಕಣ್ಣು ಮುಚ್ಚುವ ಮೊದಲು ಅವಳಿಗಿದ್ದದ್ದು ಇದೊಂದೇ ನೋಟ. ಅದನ್ನೂ ತೇಪೆ ಹಚ್ಚಿ ಕೆಡಿಸಿದ್ದೆವು.

"ನೀಲಿ ಅಂಚು! ನಾನೇ ಮರ್ತ್ಬುಟ್ಟಿದ್ದೆ. ನಿಂಗೆ ಹೆಂಗ್ಲಾ ಗೊತ್ತಾಯ್ತು?"

ಸಾಹೇಬರು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದರು. ನಾನು ವರ್ತಕನ ರುಮಾಲನ್ನು ಸರಿಮಾಡತೊಡಗಿದೆ. ನಿಜಕ್ಕೂ ನೀಲಿ ಅಂಚು ಇತ್ತೋ ಏನೋ! ಸಾಕ್ಷಿ ಹೇಳಬೇಕಾದ ಬಟ್ಟೆ ಉಳಿದಿರಲಿಲ್ಲ.

ಅತ್ತೆಗೆ ಕಣ್ಣು ಪೂರ್ತಿ ಹೋಯಿತು. ಆಮೇಲೆ ಅತ್ತೆಯೂ ಹೋದಳು. ಕೊನೆಯವರೆಗೂ ಅವಳ ಮಾತಿನಲ್ಲಿ ಬರುತ್ತಿದ್ದ ಗಂಡನಿಗೆ ನೀಲಿ ಅಂಚಿತ್ತು. ಚಿಕ್ಕವನಾಗಿದ್ದಾಗ ನಾನು ಮಾವನ ಹೆಗಲೇರಿ ಬನ್ನಿಮರದವರೆಗೆ ಹೋಗಿದ್ದೆ. ಅವನು ಏನು ತೊಟ್ಟಿದ್ದನೆಂಬುದು ನೆನಪಿರಲಿಲ್ಲ. ಈಚೆಗೆ ಅದನ್ನು ನೆನೆದರೆ ನನ್ನ ಕಾಲ ಕೆಳಗೆ ನೀಲಿ ಅಂಚು ಗಾಳಿಗೆ ಹಾರಾಡುತ್ತದೆ. ಸಾಹೇಬರ ಹೊಲಿಗೆ ಅದು, ನನಗೆ ಗೊತ್ತು. ಬಿಚ್ಚಿ ತೆಗೆಯಲು ನೋಡಿದೆ. ಅಂಚಿನ ಜೊತೆಗೆ ಮಾವನೂ ಹೊರಟುಹೋಗುತ್ತಾನೆ. ಇರಲಿ ಎಂದು ಬಿಟ್ಟಿದ್ದೇನೆ.

ನಮ್ಮ ಊರಿನ ರಂಗದ ಮೇಲೆ ದ್ವಾಪರದ ಅರಸರು ಈಗಲೂ ಮಖಮಲ್ಲಿನಲ್ಲೇ ಬರುತ್ತಾರೆ. ನಾನು ನಗುವುದಿಲ್ಲ. ಅವರನ್ನು ಹಾಗೆ ನೆನಪಿಟ್ಟುಕೊಂಡಿದ್ದ ಯಾವ ಅತ್ತೆ ಎಲ್ಲಿದ್ದಳೋ.