ಫೇ ಡೋಡೋ ಅಂದರೆ ತಾಚಿ ಮಾಡು

ಹ್ಯೂಸ್ಟನ್‌ನಲ್ಲಿ ಅಕ್ಕನ ಪಕ್ಕದ ಮನೆಯ ಆಂಟಿ ಲೂಯಿಸಿಯಾನಾ ರಾಜ್ಯದ ಕಡೆಯ ಫ್ರೆಂಚ್ ಮನೆತನದವರು. ಅವರ ಬಳಗವೆಲ್ಲ ಭಾನುವಾರ ಮಧ್ಯಾಹ್ನ ಒಂದು ಹಳೆಯ ಮರದ ಹಾಲ್‌ನಲ್ಲಿ ಸೇರಿ ಕುಣಿಯುತ್ತದೆ. ಆ ಕೂಟದ ಹೆಸರು ಫೇ ಡೋಡೋ. ಹಾಗಂದರೆ ನಮ್ಮ ‘ತಾಚಿ ಮಾಡು’. ಹಿಂದೆ ತಾಯಂದಿರು ಹಿಂದಿನ ಕೋಣೆಯಲ್ಲಿ ಕೂಸುಗಳನ್ನು ಮಲಗಿಸಿ, ‘ಫೇ ಡೋಡೋ’ ಅಂತ ತಟ್ಟಿ, ಕುಣಿಯಲು ಓಡುತ್ತಿದ್ದರಂತೆ. ಕುಣಿತಕ್ಕೇ ಆ ಹೆಸರು ಅಂಟಿತಂತೆ.

‘ಅಂತೆ’ ಅಂದರೆ ನನಗೆ ನಾಲಿಗೆ ತುರಿಸುತ್ತದೆ. ರಿಚರ್ಡ್‌ಸನ್ ಊರಿನ ಕಾಲೇಜು ಕ್ಯಾಂಪಸ್‌ನಲ್ಲಿ ಡಿಬೇಟ್ ಮಾಡುವವಳು ನಾನು. ಭಾವ ಆಫೀಸ್ ಕೆಲಸಕ್ಕೆ ರೌಂಡ್ ರಾಕ್ ಊರಿಗೆ ಹೋಗಿದ್ದರು. ಎಂಟು ತಿಂಗಳ ಬಸುರಿ ಅಕ್ಕನ ಜೊತೆಗಿರಲು ಬಂದಿದ್ದೆ. ಆ ಭಾನುವಾರ ಆಂಟಿ ನಮ್ಮಿಬ್ಬರನ್ನೂ ಆ ಹಾಲ್‌ಗೆ ಕರೆದುಕೊಂಡು ಹೋಗಿದ್ದರು.

“ಪುರಾವೆ ಏನು ಆಂಟಿ? ಬೆನ್ನಿಗೆ ಬೆನ್ನು ಮಾಡಿ ಸುತ್ತೋ ಹೆಜ್ಜೆಗೆ ಫ್ರೆಂಚ್‌ನಲ್ಲಿ ‘ದೋಸಾದೋ’ ಅಂತಾರೆ. ಅದೇ ಸವೆದು ಹೀಗಾಯ್ತು ಅನ್ನೋರೂ ಇದ್ದಾರೆ.”

“ಇರಲಿ. ಕೂಸಾಗಿದ್ದಾಗ ಆ ಕೋಣೇಲಿ ಮಲಗಿದ್ದವಳು ನಾನೇ,” ಅಂದರು ಆಂಟಿ.

“ಅದರಿಂದ ಪದ್ಧತಿ ಇತ್ತು ಅಂತಾಗುತ್ತೆ, ಹೆಸರು ಅಲ್ಲಿಂದ್ಲೇ ಬಂತು ಅಂತ...”

ಅಕ್ಕ ನನ್ನ ತೋಳು ಚಿವುಟಿ, ಅದೇ ಕೋಣೆಗೆ ಎಳೆದುಕೊಂಡು ಹೋದಳು. ಬಾಗಿಲು ಮುಚ್ಚಿದ ಮೇಲೆ ಹೇಳಿದಳು: “ಬೆಳಗ್ಗೆಯಿಂದ ಮಗು ಮಿಸುಕಿಲ್ಲ ಕಣೇ.”

ಆಸ್ಪತ್ರೆಗೆ ಫೋನ್ ಮಾಡಿದೆವು. ತಣ್ಣಗಿನದೇನಾದರೂ ಕುಡಿದು ಎಡಕ್ಕೆ ಮಲಗಲಿ, ಒಂದು ಗಂಟೆಯಲ್ಲಿ ಮಿಸುಕದಿದ್ದರೆ ಹೊರಟು ಬನ್ನಿ ಅಂದರು. ಅಕ್ಕ ಜ್ಯೂಸ್ ಕುಡಿದು ಅಲ್ಲಿದ್ದ ಮಂಚದಲ್ಲಿ ಮಲಗಿದಳು. ಆಚೆ ಪಿಟೀಲು, ಹೆಜ್ಜೆಗಳ ಸದ್ದು. ಮಂಚದ ಪಕ್ಕ ಹಳೆಯ ತೊಟ್ಟಿಲೊಂದಿತ್ತು, ಒಳಗೆ ಹಾಸಿಗೆಯೂ ಇರಲಿಲ್ಲ. ನನ್ನ ಕೈ ಅದನ್ನು ತೂಗುತ್ತಿದ್ದುದು ನನಗೇ ಗೊತ್ತಿರಲಿಲ್ಲ.

“ಬಿಡೇ! ಖಾಲಿ ತೊಟ್ಟಿಲು ತೂಗ್ತಾರಾ ಯಾರಾದ್ರೂ?”

“ತೂಗಿದ್ರೆ ಏನಾಗುತ್ತೆ? ಹೇಗೆ ಆಗುತ್ತೆ? ಅದನ್ನ ಹೇಳು ಮೊದಲು.”

ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು. ಕೈ ತೆಗೆದೆ.

ತೊಟ್ಟಿಲು ನಿಲ್ಲಲಿಲ್ಲ. ಮರದ ನೆಲ, ಆಚೆ ಅಷ್ಟು ಜನ ಕುಣೀತಿದ್ದಾರೆ, ಅದುರುತ್ತೆ, ಅಂದೆ. ಹಾಡು ಮುಗಿಯಿತು. ಚಪ್ಪಾಳೆಯೂ ಮುಗಿಯಿತು. ತೊಟ್ಟಿಲು ಮಾತ್ರ ಅದೇ ಲಯದಲ್ಲಿ ಹೋಗಿ ಬರುತ್ತಿತ್ತು.

ಎರಡೂ ಕೈಯಲ್ಲಿ ಹಿಡಿದೆ. ಮರ ಭಾರವಾಗಿತ್ತು, ಮಗುವಿರುವ ತೊಟ್ಟಿಲಿನಷ್ಟು.

“ಇಲ್ಲ ಕಣೇ, ಇನ್ನೂ ಮಿಸುಕಿಲ್ಲ,” ಅಂದಳು ಅಕ್ಕ. “ಗಂಟೆ ಆಯ್ತು. ನಡಿ ಹೋಗೋಣ.”

ಎದ್ದೆ, ಕೈ ಬಿಡಲಾಗಲಿಲ್ಲ. ಬಿಟ್ಟರೆ ಅದು ಮತ್ತೆ ತೂಗಾಡಿದರೆ? ಆಂಟಿ ಒಳಗೆ ಬಂದವರು ನನ್ನ ಕೈ ನೋಡಿದರು. ಹೆಗಲ ಮೇಲಿನ ಶಾಲು ತೆಗೆದು, ಮಡಚಿ, ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ತೊಟ್ಟಿಲಲ್ಲಿಟ್ಟರು.

“ಈಗ ಬಿಡು,” ಅಂದರು.

ಬಿಟ್ಟೆ. ಅಲ್ಲಾಡಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಅಕ್ಕನ ಹೊಟ್ಟೆಗೆ ಜೆಲ್ ಹಚ್ಚಿ ಎದೆಬಡಿತ ಕೇಳುವ ಯಂತ್ರ ಒತ್ತಿದಳು. ಬರೀ ಗೊರಗೊರ. ಕೊಂಚ ಸರಿಸಿದಳು. ಗೊರಗೊರ. ಇನ್ನೂ ಕೆಳಗೆ ಸರಿಸಿದಳು. ಕುದುರೆ ಓಡಿ ಬಂದ ಹಾಗೆ ಸದ್ದು ಬಂತು, ನಿಲ್ಲದೆ ಬಂತು.

ಅಕ್ಕ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ನೀನೂ ಉಸಿರು ಬಿಡೇ, ಮಾರಾಯ್ತಿ.”