ಮೆಳೆಗೆ ಸಿಕ್ಕಿದ ದೋಣಿ

ನಮ್ಮ ಮನೆ ಇರುವುದು ಫರಂಗಿಪೇಟೆಯ ಹತ್ತಿರ, ನೇತ್ರಾವತಿಯ ನಡುವಿನ ಒಂದು ಕುದ್ರುವಿನಲ್ಲಿ. ಸುತ್ತಲೂ ನೀರು. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಹೊಳೆ ತುಂಬಿ ಹತ್ತು ದಿನ ದಡಕ್ಕೆ ಹೋಗಲಾಗಲಿಲ್ಲ. ಯಾರೋ ಹೊರಗಿನಿಂದ ಚಿಲಕ ಹಾಕಿದಂತೆ ಅಂದು ಅನ್ನಿಸಿದ್ದು ಇನ್ನೂ ಪೂರ್ತಿ ಹೋಗಿಲ್ಲ. ನನ್ನ ತವರು ಮಡಂತ್ಯಾರು. ಅಲ್ಲಿ ಅಂಗಳ ಇಳಿದರೆ ರಸ್ತೆ, ಕೈ ತೋರಿಸಿದರೆ ಬಸ್ಸು.

ಎರಡು ವರ್ಷದ ಹಿಂದೆ ನನ್ನ ಗಂಡ ಬೈಕಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಮೋಟಾರು ಕಟ್ಟಿದ ನಮ್ಮ ಸಣ್ಣ ಫೈಬರ್ ದೋಣಿಯನ್ನು ನಡೆಸುವ ಕೆಲಸ ನನಗೆ ಬಂತು. ಕಲಿಸಿದ್ದು ಅವರೇ. ಪ್ಲಾಸ್ಟರ್ ಹಾಕಿದ ಕೈ ಹಿಡಿದುಕೊಂಡು ದಿನವೂ ನೀರಿನ ಬದಿಯವರೆಗೆ ಬಂದು ಹೇಳುತ್ತಿದ್ದರು: ತಳದ ಬಿರಡೆ ನೋಡು, ಮೋಟಾರು ಅಲುಗಾಡುತ್ತದಾ ನೋಡು, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆ, ಒಳಗೆ ಗಾಳಿ ಹೋಗದಿದ್ದರೆ ಮೋಟಾರಿಗೆ ಪೆಟ್ರೋಲ್ ಬಾರದು.

ಅವರ ಪ್ಲಾಸ್ಟರ್ ಬಿಚ್ಚುವ ಮೊದಲೇ, ಹೊಳೆಯಲ್ಲಿ ಸೆಳೆತ ಹೆಚ್ಚಿದ್ದ ಒಂದು ದಿನ ಅತ್ತೆಯನ್ನು ಬಂಟ್ವಾಳದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಹಿಂದಿನ ಸಂಜೆ ನಾಲ್ಕು ದಿನ ತವರಿಗೆ ಹೋಗಿ ಬರುತ್ತೇನೆಂದು ಕೇಳಿದ್ದೆ. "ಮತ್ತೆ ದೋಣಿ ಯಾರು ಬಿಡುವುದು?" ಎಂದಿದ್ದರು ಅತ್ತೆ. ಆಮೇಲೆ ನಾವಿಬ್ಬರೂ ಮಾತಾಡಿರಲಿಲ್ಲ. ಬೆಳಿಗ್ಗೆ ಗಂಡ ಬಾಯಿ ತೆರೆಯುತ್ತಲೇ, "ನನಗೆ ಗೊತ್ತುಂಟು, ದಿನಾ ಹೇಳುವುದು ಬೇಡ" ಎಂದು ಏನೂ ನೋಡದೆ ಹೊರಟೆ. ಲೈಫ್ ಜಾಕೆಟ್ ಮಾತ್ರ ಅಭ್ಯಾಸಬಲದಿಂದ ಇಬ್ಬರೂ ಹಾಕಿಕೊಂಡೆವು.

ನಡುಹೊಳೆಗೆ ಬಂದಾಗ ಮೋಟಾರು ಎರಡು ಸಲ ಕೆಮ್ಮಿ ನಿಂತಿತು. ಚಾಲೂ ಮಾಡುವ ಹಗ್ಗ ಎಳೆದೆ, ಮತ್ತೆ ಮತ್ತೆ ಎಳೆದೆ. ಹೊಳೆ ನಮ್ಮನ್ನು ಅಡ್ಡಡ್ಡ ಒಯ್ದು ದಡದಿಂದ ಬಾಗಿದ್ದ ಮುಳ್ಳುಬಿದಿರಿನ ಮೆಳೆಗೆ ಒತ್ತಿ ಹಿಡಿಯಿತು. ತಲೆಯೆತ್ತಲು ಜಾಗವಿಲ್ಲ. ಎದುರಿಗೆ ಮುಳ್ಳು, ಬೆನ್ನಿಗೆ ನೀರು. ಅಂಚಿನ ಮೇಲಿಂದ ನೀರು ಒಳಗೆ ಹಾರತೊಡಗಿದಾಗ ಗಾಬರಿಯಿಂದ ಎದ್ದೆ.

"ನಿಲ್ಲಬೇಡ! ಮೆಳೆಯ ಕಡೆಗೆ ವಾಲಿ ಕೂತುಕೋ" ಎಂದರು ಅತ್ತೆ. ಮೋಟಾರು ಬರುವ ಮೊದಲು ಇದೇ ಹೊಳೆಯಲ್ಲಿ ವರ್ಷಗಟ್ಟಲೆ ಜಲ್ಲೆ ಊರಿ ದೋಣಿ ನಡೆಸಿದವರು ಅವರು. ಕೂತೆ. ನೀರು ಹಾರುವುದು ನಿಂತಿತು.

ಗಂಡನಿಗೆ ಫೋನು ಮಾಡಿದೆ. ಅವರ ಮೊದಲ ಪ್ರಶ್ನೆ: "ಗಾಳಿ ತಿರುಪು ತೆರೆದಿದ್ದೀಯಾ?"

ಟ್ಯಾಂಕಿನ ಪಕ್ಕೆಗಳು ಒಳಕ್ಕೆ ಸೊರಗಿದ್ದವು. ತಿರುಪನ್ನು ಬಿಡಿಸುತ್ತಲೇ "ತೆರೆದುಂಟು" ಎಂದೆ. ಗಾಳಿ ಸುಯ್ಯೆಂದು ಒಳನುಗ್ಗಿದ್ದು ಅತ್ತೆಗೆ ಕೇಳಿಸಿತು. ನನ್ನ ಮುಖ ನೋಡಿದರು, ಮತ್ತೆ ಮೋಟಾರಿನ ಕಡೆ ತಿರುಗಿದರು. ಫೋನಿನಲ್ಲಿ ಗಂಡ ನೆರೆಯವರ ದೋಣಿ ಹುಡುಕುತ್ತೇನೆ ಎನ್ನುತ್ತಿದ್ದರು. ಆ ಹೊತ್ತಿಗೆ ಕುದ್ರುವಿನ ದೋಣಿಗಳೆಲ್ಲ ಆಚೆ ದಡಕ್ಕೆ ಹೋಗಿದ್ದವು ಎಂದು ಆಮೇಲೆ ಗೊತ್ತಾಯಿತು.

"ಈಗ ಚಾಲೂ ಆಗ್ತದೆ ಅತ್ತೆ."

"ಚಾಲೂ ಮಾಡಿ ಏನು ಮಾಡ್ತಿ? ನೀರಿನಡಿ ಮೋಟಾರಿನ ಫ್ಯಾನಿಗೆ ಬಿದಿರಿನ ಗೆಲ್ಲು ಸಿಕ್ಕಿ ಉಂಟು, ನೋಡು."

ನಡೆಸುವವರು ನೀರಿಗೆ ಬಿದ್ದರೆ ಮೋಟಾರು ನಿಲ್ಲಲಿ ಎಂದು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕೆಂಪು ಹುರಿಯನ್ನು ಸ್ವಿಚ್ಚಿನಿಂದ ಕಿತ್ತೆ. ಅದಿಲ್ಲದೆ ಮೋಟಾರು ತಪ್ಪಿಯೂ ಚಾಲೂ ಆಗದು. ಆಮೇಲೆ ಮೋಟಾರನ್ನು ನೀರಿನಿಂದ ಮೇಲಕ್ಕೆ ಬಾಗಿಸಿ, ಸುತ್ತಿದ್ದ ಹಸಿ ಗೆಲ್ಲನ್ನು ಬಿಡಿಸಿದೆ. ಒಂದೊಂದೇ ಬಿದಿರು ಹಿಡಿಯುತ್ತ ದೋಣಿಯನ್ನು ಹೊಳೆ ಹರಿಯುವ ಕಡೆಗೆ ಎಳೆಯುವ, ಮೆಳೆ ಮುಗಿದಲ್ಲಿ ನೀರಿಗೆ ಸೆಳೆತವಿಲ್ಲ ಎಂದರು ಅತ್ತೆ. ಹತ್ತಿಪ್ಪತ್ತು ಮಾರು ದೂರ ಇರಬೇಕು. ಒಂದು ಗಂಟೆಗಿಂತ ಹೆಚ್ಚು ಹಿಡಿಯಿತು. ಒಂದು ಬಿದಿರು ಬಿಟ್ಟು ಇನ್ನೊಂದು ಹಿಡಿಯುವಷ್ಟರಲ್ಲಿ ಹೊಳೆ ಮತ್ತೆ ಒತ್ತುತ್ತಿತ್ತು. ಅಂಗೈಗೆ ಮುಳ್ಳು ಇಳಿದಾಗ ಅತ್ತೆ ಒಮ್ಮೆ "ಅಯ್ಯೋ" ಎಂದರು. ನಾನು ಅಳುತ್ತಿದ್ದೆ.

"ತವರಿಗೆ ಹೋಗು ಮಾರಾಯ್ತಿ," ಎಂದರು ಬಿದಿರು ಬಿಡದೆ. "ನಾನೂ ಇಲ್ಲಿಗೆ ಮದುವೆಯಾಗಿ ಬಂದವಳೇ. ನನ್ನನ್ನು ಮೂರು ವರ್ಷ ಕಳಿಸಿರಲಿಲ್ಲ."

ಸೆಳೆತವಿಲ್ಲದ ನೀರಿಗೆ ಬಂದ ಮೇಲೆ ಮೋಟಾರು ಇಳಿಸಿ ಹುರಿ ಸಿಕ್ಕಿಸಿದೆ, ಎರಡನೇ ಎಳೆತಕ್ಕೆ ಹತ್ತಿತು. ದಡ ಸೇರಿ ಬಸ್ಸು ಹಿಡಿಯುವಾಗ ಹೊತ್ತು ಮೀರಿತ್ತು. ಡಾಕ್ಟರು ಸಿಗಲಿಲ್ಲ. ಹೋಟೆಲಿನಲ್ಲಿ ಬನ್ಸ್ ತಿಂದು ಚಾ ಕುಡಿದೆವು. ಅತ್ತೆಯ ಅಂಗೈಯ ಮುಳ್ಳನ್ನು ಅಲ್ಲೇ ಸೇಫ್ಟಿ ಪಿನ್ನಿನಿಂದ ತೆಗೆದೆ.

ಹಿಂತಿರುಗುವಾಗ ದೋಣಿಯ ಬಳಿ ಬಹಳ ಹೊತ್ತು ನಿಂತೆ. ಹತ್ತಲು ಹೆದರಿಕೆಯಾಯಿತು. ಆದರೆ ಮನೆ ಇದ್ದದ್ದು ಆಚೆ, ಬೇರೆ ದಾರಿ ಇರಲಿಲ್ಲ. ಬಿರಡೆ, ಮೋಟಾರು, ಗಾಳಿ ತಿರುಪು, ಒಂದೊಂದನ್ನೂ ಮುಟ್ಟಿ ನೋಡಿ ಹತ್ತಿದೆ. ಸುಳ್ಳು ಹೇಳಿದ್ದನ್ನು ಆ ಸಂಜೆಯೇ ಗಂಡನಿಗೆ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಊಟವನ್ನೂ ಸರಿಯಾಗಿ ಮಾಡಲಿಲ್ಲ. ಮುಂದಿನ ವಾರ ಪಕ್ಕದ ಮನೆಯವರು ತಮ್ಮ ದೋಣಿಯಲ್ಲಿ ನನ್ನನ್ನು ದಾಟಿಸಿದರು. ತವರಿನಲ್ಲಿ ನಾಲ್ಕು ದಿನ ಇದ್ದೆ. ಮೂರನೇ ದಿನ ಅತ್ತೆ ಫೋನು ಮಾಡಿ, ಹೊಳೆ ಇಳಿದಿದೆ, ದೋಣಿ ಬಿಡಲು ಯಾರಾದರೂ ಸಿಗುತ್ತಾರೆ, ಅವಸರ ಬೇಡ ಎಂದರು.