ಪರದೆಯ ಅಂಚಿನ ತಂತಿ

ಆ ಮನೆಯ ಹಿರಿಯ ಸೊಸೆಯನ್ನು ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆದಳೆಂದರೆ ಮತ್ತೆ ಅಳಿಸಿದವಳಲ್ಲ. ಬೆನ್ನು ಬಾಗಿದವರಿಗೆ, ಒಂದು ಭುಜ ಇಳಿದವರಿಗೆ ಕೋಟು ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಗೂನು ಬೆನ್ನಿನವರು ತೊಟ್ಟರೂ ಕೋಟಿನ ಮುಂಭಾಗ ಮೇಲೇಳುತ್ತಿರಲಿಲ್ಲ, ಕತ್ತಿನ ಹಿಂದೆ ಬಾಯಿ ಬಿಡುತ್ತಿರಲಿಲ್ಲ. ಆ ಕತ್ತರಿಯ ಗುಟ್ಟೇ ಅವಳ ಅನ್ನ. ಬಟ್ಟೆ ಕತ್ತರಿಸಲು ಇಟ್ಟುಕೊಂಡಿದ್ದ ಕಾಗದದ ಅಚ್ಚುಗಳಿಗೆ ಹುಳ ಹಿಡಿದಾಗ ಮಗಳು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಹೊಸದನ್ನು ಅದರಲ್ಲೇ ಬಿಡಿಸುವುದನ್ನೂ ಕಲಿಸಿಕೊಟ್ಟಿದ್ದಳು.

ಮಹಡಿಯಲ್ಲಿ ಮೈದುನನ ಸಂಸಾರ. ಓರಗಿತ್ತಿಯೂ ಹೊಲಿಗೆಯವಳೇ; ಶಾಲೆಗಳಿಗೆ ಸಮವಸ್ತ್ರ ಹೊಲಿದು ಕೊಡುತ್ತಿದ್ದಳು. ಎರಡೂ ಕಡೆಯವರು ಸೇರಿ ದೊಡ್ಡದೊಂದು ಪ್ರಿಂಟರು ಕೊಂಡು ಮೆಟ್ಟಿಲ ಕೆಳಗೆ ಇಟ್ಟರು. ಅವಳದು, ಮಗಳದು, ಓರಗಿತ್ತಿಯದು, ಈ ಮೂರು ಕಂಪ್ಯೂಟರಿಗೂ ಅದು ಸಿಗಬೇಕಾದರೆ ಎಲ್ಲವನ್ನೂ ಒಂದಕ್ಕೊಂದು ಜೋಡಿಸಬೇಕು ಎಂದ ಮೈದುನ.

ತಂತಿಯವನು ಬಂದ. ಪ್ರಿಂಟರಿನ ಪಕ್ಕ ಪುಟ್ಟ ಪೆಟ್ಟಿಗೆಯೊಂದನ್ನು ಕೂರಿಸಿ, ಅದರಿಂದ ಮೂರು ಕಡೆಗೂ ತಂತಿ ಎಳೆದ. ಬಿಳಿಯ ಚಪ್ಪಟೆ ತಂತಿ, ಥೇಟ್ ಲಂಗದ ಲಾಡಿಯ ಹಾಗೆ.

"ಇದರಲ್ಲಿ ಬರೋದು ಮಾತ್ರಾನಾ, ಹೋಗೋದೂ ಉಂಟಾ?" ಎಂದು ಕೇಳಿದಳು ಗೆರೆಯಕ್ಕ.

"ಎರಡೂ ಉಂಟಮ್ಮ. ಹೋಗದೆ ಬರೋದು ಹೇಗೆ?"

ಅಲ್ಲಿಗೆ ಅವಳ ತಲೆಯೊಳಗೆ ಹುಳ ಹೊಕ್ಕಿತು. ಪೆಟ್ಟಿಗೆಯ ದೀಪಗಳು ಅವಳು ಕಂಪ್ಯೂಟರು ಮುಟ್ಟದಿದ್ದಾಗಲೂ ಪಿಳಿಪಿಳಿ ಎನ್ನುತ್ತಿದ್ದವು. ಯಾರೂ ಕೂತಿಲ್ಲದ ಮೇಲೆ ಹೋಗುತ್ತಿರುವುದೇನು? ಕೆಲಸ ಮುಗಿದೊಡನೆ ತಂತಿಯ ಮೂತಿ ಕಿತ್ತು ಸೆರಗಿಗೆ ಗಂಟು ಹಾಕಿಕೊಳ್ಳತೊಡಗಿದಳು. ಒಂದು ಸಲ ಹಾಗೇ ಎದ್ದುಹೋಗಿ ಎಡವಿದಳು ಕೂಡ. ಎಮ್ಮೆ ಕಟ್ಟಿದ ಹಾಗೆ ಕಟ್ಟಿಕೊಂಡಿದ್ದೀಯಲ್ಲ, ಎಮ್ಮೆ ಯಾರು ಇದರಲ್ಲಿ ಎಂದು ಗಂಡ ನಕ್ಕ.

ಆ ವಾರವೇ ಓರಗಿತ್ತಿ ಬಟ್ಟೆ ಒಣಹಾಕುತ್ತಾ, "ಅಕ್ಕ, ಬೆನ್ನಿಗೆ ಎರಡು ಮಡಿಕೆ ಇಟ್ಟ ಆ ಕೋಟು ಎಷ್ಟು ಚೆನ್ನಾಗಿ ಮಾಡಿದ್ದೀರಿ" ಎಂದಳು.

ಗೆರೆಯಕ್ಕ ತಿರುಗಿ ನೋಡಿದಳು. ಆ ಕೋಟಿಗೆ ಇನ್ನೂ ಬಟ್ಟೆಯನ್ನೇ ಕತ್ತರಿಸಿರಲಿಲ್ಲ. ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ.

ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ತಂತಿಯನ್ನು ಯಾರಾದರೂ ಮುಟ್ಟಿದರೆ ಗೊತ್ತಾಗಲಿ ಎಂದು, ಅದನ್ನು ಬಾಗಿಲ ದಪ್ಪ ಪರದೆಯ ಅಂಚಿಗೆ ಸೇರಿಸಿ, ಲಾಡಿ ಹೊಲಿದ ಹಾಗೆ ಒತ್ತೊತ್ತಾಗಿ ಕೆಂಪು ದಾರದಲ್ಲಿ ಹೊಲಿದುಬಿಟ್ಟಳು. ಒಂದು ಹೊಲಿಗೆ ಸರಿದರೂ ಅವಳ ಕಣ್ಣಿಗೆ ಬೀಳಲೇಬೇಕು.

ಮರುದಿನ ಅವಳ ಕಂಪ್ಯೂಟರಿನಿಂದ ಪ್ರಿಂಟರಿಗೆ ಏನೂ ಹೋಗಲಿಲ್ಲ. ಅಚ್ಚು ಕಾಗದಕ್ಕೆ ಬಾರದೆ ಕೋಟು ಕತ್ತರಿಸುವ ಹಾಗಿಲ್ಲ. ಮಹಡಿಯಿಂದ ಕಳಿಸಿದ್ದು ಮಾತ್ರ ಸರಸರ ಅಚ್ಚಾಗಿ ಬೀಳುತ್ತಿತ್ತು. ಹೊಲಿಗೆ ನೋಡಿದರೆ ಒಂದೂ ಅಲುಗಿಲ್ಲ. ಬೇಕಾದದ್ದೆಲ್ಲ ಎಳೆದುಕೊಂಡಾಯಿತು, ಈಗ ಮೇಲಿನಿಂದಲೇ ನನ್ನ ದಾರಿ ಮುಚ್ಚಿದ್ದಾರೆ ಎಂದು ಗಂಡನ ಮುಂದೆ ಕುದಿದಳು. ಅವನು ತಂತಿಯವನನ್ನು ಕರೆಸಿದ.

ತಂತಿಯವನು ಪೆಟ್ಟಿಗೆಯಿಂದ ತಂತಿಯ ಜಾಡು ಹಿಡಿದು ಬಂದು ಪರದೆಯ ಮುಂದೆ ನಿಂತ. ಅಂಚನ್ನು ಬೆಳಕಿಗೆ ಹಿಡಿದು ನೋಡಿದ.

"ಅಮ್ಮ, ಹೊಲಿಗೆ ಭಾಳ ಚೆನ್ನಾಗಿದೆ. ಆದರೆ ಸೂಜಿ ಒಳಗಿನ ಎಳೆಗಳನ್ನೆಲ್ಲ ತೂತು ಮಾಡಿದೆ."

ಹೆಂಡತಿಯೊಡನೆ ಮಹಡಿಯಿಂದ ಇಳಿದುಬಂದಿದ್ದ ಮೈದುನ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ಗೆರೆಯಕ್ಕನ ಮುಖ ಸಣ್ಣದಾಯಿತು. ಆದರೂ ಅವಳು ಪಟ್ಟು ಬಿಡಲಿಲ್ಲ.

"ಹೊಲಿದದ್ದು ನಾನೇ, ತಪ್ಪು ನಂದೇ. ಕತ್ತರಿಸದೇ ಇರೋ ಕೋಟನ್ನ ಇವಳು ಹೇಗೆ ನೋಡಿದಳು? ಅದನ್ನ ಹೇಳಲಿ."

ಯಾರೂ ನಗಲಿಲ್ಲ. ತಂತಿಯವನು ಅವಳ ಕಂಪ್ಯೂಟರಿನ ಮುಂದೆ ಕೂತು ನೋಡಿ, ತಲೆ ಕೆರೆದುಕೊಂಡ. ಅವಳ ಅಚ್ಚುಗಳ ಫೋಲ್ಡರನ್ನು ಮೂರು ಕಂಪ್ಯೂಟರಿಗೂ ಕಾಣುವ ಹಾಗೆ ತೆರೆದಿಟ್ಟು ಹೋದವನು ಅವನೇ.

"ನೋಡಿದೆ ಅಕ್ಕ," ಎಂದಳು ಓರಗಿತ್ತಿ. "ಕದಿಯೋ ಹಾಗಿದ್ದರೆ ನಿಮ್ಮ ಮುಂದೆ ಬಂದು ಹೊಗಳ್ತಿದ್ದೆನಾ? ನಮ್ಮಪ್ಪನ ಬೆನ್ನು ಬಾಗಿಹೋಗಿದೆ. ಯಾವ ಕೋಟೂ ಕೂರಲ್ಲ. ನಿಮ್ಮನ್ನ ಕೇಳೋಕೆ ಬಾಯಿ ಬರಲಿಲ್ಲ."

"ಯಾಕೆ ಬರಲಿಲ್ಲ?"

"ನೀವು ತಂತಿನೇ ಸೆರಗಿಗೆ ಕಟ್ಟಿಕೊಂಡು ಓಡಾಡ್ತಿದ್ರಲ್ಲ."

ಗೆರೆಯಕ್ಕ ಪರದೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೆಂಪು ದಾರ ಬಿಚ್ಚತೊಡಗಿದಳು. ಅರ್ಧ ಬಿಚ್ಚುವ ಹೊತ್ತಿಗೆ, ತಲೆ ಎತ್ತದೆಯೇ ಹೇಳಿದಳು:

"ಅಪ್ಪನ್ನ ಕರೆದುಕೊಂಡು ಬಾ, ಅಳತೆ ನಾನೇ ತಗೋತೀನಿ. ಕೋಟು ಕೊಡ್ತೀನಿ. ಅಚ್ಚು ಕೊಡಲ್ಲ."

"ಅಚ್ಚು ಯಾರಿಗೆ ಬೇಕು," ಎಂದು ಓರಗಿತ್ತಿ ಮೂಗೆಳೆದಳು.

ತಂತಿಯವನು ಹೊಸ ತಂತಿ ಹಾಕಿದ. ಫೋಲ್ಡರನ್ನು ಮುಚ್ಚಿ ಪಾಸ್‌ವರ್ಡ್ ಕೊಡಿ ಎಂದಾಗ ಗೆರೆಯಕ್ಕ ಎಲ್ಲರನ್ನೂ ಗೋಡೆ ಕಡೆ ತಿರುಗಿಸಿದಳು, ಗಂಡನನ್ನೂ, ತಂತಿಯವನನ್ನೂ. ದೀಪ ಪಿಳುಕಿಸುವ ಪೆಟ್ಟಿಗೆಗೆ ಒಂದು ಗವಸು ಹೊಲಿಯುವೆನೆಂದಳು. ಗಾಳಿ ಆಡದಿದ್ದರೆ ಕೆಟ್ಟುಹೋಗುತ್ತದೆ ಎಂದು ತಂತಿಯವನು ತಡೆದ. ಸರಿ ಎಂದು ಗುಂಡಿ ತೂತಿನ ಹಾಗೆ ಸಾಲಾಗಿ ಕಂಡಿಗಳನ್ನಿಟ್ಟು ಅಂದವಾದ ಗವಸು ಹೊಲಿದಳು. ಓರಗಿತ್ತಿಯ ಅಪ್ಪನ ಕೋಟು ಮುಗಿದ ದಿನವೇ ಅದೂ ಮುಗಿಯಿತು.

ಮೂರು ಮಗ್ಗುಲಲ್ಲಿ ಕಂಡಿಗಳಿದ್ದವು. ಮಹಡಿ ಮೆಟ್ಟಿಲ ಕಡೆಯ ಮಗ್ಗುಲಲ್ಲಿ ಮಾತ್ರ ಒಂದೂ ಇರಲಿಲ್ಲ.